ಪುಡಿ ಒತ್ತಿ ಮಾಡಿದ ಸ್ಟೀಲು

ನಾನು ಮಾಡೋ ಕೆಲಸ ಏನು ಅಂತ ಬಾಯಿಬಿಟ್ಟು ಹೇಳಿದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತೆ. ಎಂಬತ್ತರ ದಶಕದ ಮೊದಲಲ್ಲಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರಾಗಿದ್ದೆ, ಜೊತೆಗೆ ಎಂ.ಇ. ಓದ್ತಿದ್ದೆ. ಸ್ಟೀಲಿನ ಪುಡಿಗೆ ಪಿಂಗಾಣಿ ಜಾತಿಯ ಒಂದು ಬಿಳೀ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕರಗಿಸದೇ ಕುಲುಮೆಯಲ್ಲಿ ಕಾಯಿಸಿ, ಸಾದಾ ಸ್ಟೀಲಿಗಿಂತ ಗಟ್ಟಿ ಬಿಲ್ಲೆ ಮಾಡಬೇಕು. ಇಷ್ಟೇ ನನ್ನ ಪ್ರಾಜೆಕ್ಟು. ಎರಡು ಸಲ ಕೆಟ್ಟಿತ್ತು. "ಮೂರನೇದೂ ಕೆಟ್ಟರೆ ಡಿಗ್ರಿ ಆಸೆ ಬಿಟ್ಟುಬಿಡಪ್ಪ" ಅಂದಿದ್ದರು ಪ್ರೊಫೆಸರು.

ಜಗಳೂರಿನ ಚೀಲ

ಹೆಂಡತಿ ಜಗಳೂರಲ್ಲಿ ಟೀಚರು. ಶನಿವಾರ ಅಲ್ಲಿಗೆ ಹೋದರೆ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಟೀ ಕುಡಿಯೋದು ರೂಢಿ. ಹೋಟೆಲಿನ ಯಜಮಾನರು ಕೇಳಿದರು ಅಂತ ಒಂದಿನ ಎಲ್ಲ ಬಿಡಿಸಿ ಹೇಳಿದೆ. ಅವರು ಕಣ್ಣರಳಿಸಿ, "ಪಿಂಗಾಣಿ ಹಾಕಿದ್ರೆ ಸ್ಟೀಲು ಗಟ್ಟಿ ಆಗತೈತಾ! ಏನ್ ವಿದ್ಯೆ ಕಲ್ತೀರಿ!" ಅಂದರು.

ಮುಂದಿನ ಶನಿವಾರ ಒಂದು ಚೀಲ ನನ್ನ ಮುಂದೆ ಇಟ್ಟರು. ಒಳಗೆ ಒಡೆದ ಕಪ್ಪು, ಸಾಸರು! ಬೇಡ ಅಂದರೆ ನೊಂದುಕೊಳ್ತಾರಲ್ಲ ಅಂತ ಹೊತ್ತುಕೊಂಡು ಹೋದೆ. ವಾರವಾರವೂ ಹಿಂಗೇ ಆಗಿ, ತಿಂಗಳಾದ ಮೇಲೆ ಅವರೇ ಕೈಮುಗಿದರು: "ಸಾಕು ಮಾಡ್ರಿ ಮೇಷ್ಟ್ರೇ. ನಮ್ಮ ಸಪ್ಲೈಯರ್ ಕಪ್ಪು ಒಡೆದಾಗ ಬಯ್ಯಾಕೆ ಹೋದ್ರೆ, 'ಮೇಷ್ಟ್ರ ಓದಿಗೆ ಬೇಕಲ್ರೀ' ಅಂತಾನೆ!"

ಚನ್ನಗಿರಿಯಲ್ಲಿ ಹಣೆಗೆ

ಆ ಬಿಳೀ ಪುಡಿ ಬೆಂಗಳೂರಿಂದಲೇ ಬರಬೇಕು. ಮೂರು ತಿಂಗಳು ಕಾಡಿ ಬೇಡಿ ಒಂದು ಡಬ್ಬಿ ತಂದೆ. ಬರುವಾಗ ಚನ್ನಗಿರಿಯ ಮಾವನವರ ಮನೇಲಿ ಇಳಿದುಕೊಂಡೆ. ಬೆಳಿಗ್ಗೆ ಎದ್ದು ನೋಡ್ತೀನಿ, ಮಾವನವರು ಪೂಜೆ ಮುಗಿಸಿ, ಹಣೆ, ತೋಳು, ಎದೆಗೆಲ್ಲ ಮೂರು ಮೂರು ಪಟ್ಟೆ ಎಳೆದುಕೊಂಡು ಕೂತಿದ್ದಾರೆ. ಪಕ್ಕದಲ್ಲಿ ನನ್ನ ಡಬ್ಬಿ!

"ಅಳಿಯಂದ್ರೇ, ಎಂಥಾ ವಿಭೂತಿ ತಂದೀರಿ! ಏನ್ ನಯ, ಏನ್ ಬಿಳುಪು! ಯಾವ ಮಠದ್ದು?"

ಇದು ವಿಭೂತಿ ಅಲ್ಲ ಅಂತ ಹೇಳೋದಾದರೂ ಹೆಂಗೆ? ಅಕ್ಕಪಕ್ಕದವರಿಗೂ ಹಂಚಿಬಿಟ್ಟಿದ್ದರು ಪುಣ್ಯಾತ್ಮರು. ಡಬ್ಬಿಯಲ್ಲಿ ಉಳಿದದ್ದು ಎರಡು ಚಮಚ, ಅಂದರೆ ಒಂದೇ ಬಿಲ್ಲೆಗೆ ಆಗುವಷ್ಟು. ಬಾಗಿಲಿಗೆ ಬಂದು ನೋಡಿದೆ. ನನ್ನ ಡಿಗ್ರಿ ಆರು ಜನರ ಹಣೆ ಮೇಲೆ ಕೂತು ಸಂತೆಗೆ ಹೊರಟಿತ್ತು.

ಹೊನ್ನಾಳಿಯ ಲೇತ್ ಅಂಗಡಿ

ಪುಡಿ ಒತ್ತೋಕೆ ಇದ್ದ ಕಾಲೇಜಿನ ಪ್ರೆಸ್ಸು ಕೆಟ್ಟಿತ್ತು. ಹೊನ್ನಾಳಿಯ ಲೇತ್ ಅಂಗಡಿಯವರ ಹತ್ತಿರ ಒಂದು ಪ್ರೆಸ್ಸಿತ್ತು. ಎರಡೂ ಪುಡಿ ಬೆರೆಸಿ ಅಚ್ಚಿಗೆ ತುಂಬಿ ಒತ್ತಿದೆವು. ದುಂಡಗೆ ಬಿಲ್ಲೆ ಬಂತು. ನಾನು "ಮುಟ್ಟಬೇಡ್ರೀ" ಅನ್ನೋದರೊಳಗೆ ಅವರು ಎತ್ತಿಕೊಂಡರು. ಅಂಚು ಪುಸಕ್ಕನೆ ಉದುರಿತು.

"ಇದು ಸ್ಟೀಲೇನ್ರೀ? ನಮ್ಮವ್ವನ ಚಕ್ಕುಲಿ ಇದಕ್ಕಿಂತ ಗಟ್ಟಿ ಐತೆ!"

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಸುಡದ ಬಿಲ್ಲೆ ಅಲ್ವಾ, ಅರೆದು ಮತ್ತೆ ಒತ್ತಿದರಾಯಿತು. ಒತ್ತಿದೆವು. ಈ ಸಲ ಅವರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ದೂರ ನಿಂತು, "ಉಸಿರು ಬಿಡಬಹುದೇನ್ರೀ?" ಅಂತ ಕೇಳಿದರು.

ನ್ಯಾಮತಿಯ ಉಳಿ

ಕುಲುಮೆಯಿಂದ ಬಿಲ್ಲೆ ಹೊರಗೆ ಬಂದ ದಿನ ನನಗೆ ಮೈ ಜುಮ್ಮೆಂದಿತು. ಬೆರಳಿಗೆ ಉದುರುತ್ತಿದ್ದ ಪುಡಿ! ಒಂದು ಹನಿಯೂ ಕರಗಿರಲಿಲ್ಲ, ಆದರೂ ಕಣಕ್ಕೆ ಕಣ ಅಂಟಿಕೊಂಡು ಬೆಳ್ಳಿ ಹಂಗೆ ಹೊಳೀತಿತ್ತು. ಎಷ್ಟು ಸಲ ತಿರುಗಿಸಿ ನೋಡಿದೆನೋ. ಹೋಲಿಸಿ ನೋಡೋಕೆ ಅಂತ ಸಾದಾ ಸ್ಟೀಲಿನ ಬಿಲ್ಲೆಯೂ ಒಂದಿತ್ತು, ನೋಡೋಕೆ ಎರಡೂ ಒಂದೇ ಥರ. ಸೋಮವಾರ ಪರೀಕ್ಷಕರು ಬರೋರು. ಭಾನುವಾರ ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಅಮ್ಮನಿಗೆ ತೋರಿಸೋಕೆ ನ್ಯಾಮತಿಗೆ ಹೋದೆ.

ಸ್ನಾನ ಮುಗಿಸಿ ಬಂದರೆ ಗಂಟೂ ಇಲ್ಲ, ಅಮ್ಮನೂ ಇಲ್ಲ. ಪಕ್ಕದ ಮನೆಯವರು, "ಪಾತ್ರೆ ಅಂಗಡಿಗೆ ಹೋದರಲ್ಲ, ಹೆಸರು ಹಾಕಿಸಾಕೆ" ಅಂದರು. ನಮ್ಮ ಕಡೆ ಸ್ಟೀಲ್ ಸಾಮಾನಿಗೆ ಹೆಸರು ಕೊರೆಸದೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳೋಲ್ಲ.

ಬರೀ ಬನಿಯನ್ನಿನಲ್ಲೇ ಓಡಿದೆ. ಅಂಗಡಿ ಮುಂದೆ ಜನ ಸೇರಿತ್ತು. ಒಂದು ಬಿಲ್ಲೆ ಮೇಲೆ ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಚುಕ್ಕಿ ಚುಕ್ಕಿಯಾಗಿ ಕೊರೆದಾಗಿತ್ತು. ಹೋಯ್ತು ನನ್ನ ಡಿಗ್ರಿ!

ಹೆಸರು ಕೊರೆಯೋ ಮುದುಕ ಇನ್ನೊಂದು ಬಿಲ್ಲೆ ಹಿಡಿದುಕೊಂಡು ಬೆವೀತಿದ್ದ. "ಅಮ್ಮಾರೇ, ಮೂರು ಉಳಿ ಮೊಂಡಾದ್ವು. ಒಂದು ಚುಕ್ಕಿನೂ ಕೂರವಲ್ದು. ಇಂಥಾದ್ದು ನನ್ನ ಜಲ್ಮದಾಗೆ ಕಂಡಿಲ್ಲ" ಅಂದವನೇ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡ. ಗೀರು ಬೀಳದ ಆ ಬಿಲ್ಲೆ ನನ್ನದು! ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು.

ಸೋಮವಾರ ಪರೀಕ್ಷಕರು ಎರಡನ್ನೂ ನೋಡಿ, "ಇದರಲ್ಲಿ ನಿಮ್ಮದು ಯಾವುದ್ರೀ?" ಅಂದರು.

"ನನ್ನ ಹೆಸರಿರೋದು ನಂದಲ್ಲ ಸಾರ್. ಹೆಸರಿಲ್ಲದ್ದು ನಂದು."

ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮೆಷಿನ್ನಿಗಿಟ್ಟು ಪರೀಕ್ಷೆ ಮಾಡಿದರು, ಮೆಷಿನ್ನೂ ಮುದುಕನ ಮಾತನ್ನೇ ಹೇಳಿತು. ನಾನು ಪಾಸು!

ಕುಣೀತಾ ಊರಿಗೆ ಬಂದು ಅಮ್ಮನ ಕಾಲಿಗೆ ಬಿದ್ದೆ. ಅಮ್ಮ ತಲೆ ಮೇಲೆ ಕೈಯಿಟ್ಟು ಹರಸಿ, ದನಿ ತಗ್ಗಿಸಿ ಹೇಳಿದಳು: "ಪಾಸಾದ್ಯಲ್ಲ, ಭಾಳ ಸಂತೋಷ ಮಗಾ. ಆದ್ರೆ ಆ ಸ್ಟೀಲಲ್ಲಿ ಪಾತ್ರೆ ಮಾತ್ರ ಮಾಡಬ್ಯಾಡ. ಹೆಸರು ಹಾಕಾಕೆ ಬರದಿದ್ರೆ, ಮದುವೆ ಮನೆಗೆ ಎರವಲು ಕೊಟ್ಟ ಕೊಳಗ ವಾಪಸ್ ಬರತೈತಾ?"