ವೈದ್ಯಾಧಿಕಾರಿ ಹುದ್ದೆಗೆ ಒಣ ನಿಂಬೆ ಸಿಪ್ಪೆ

ಬಿಳಿಗುಂಡನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಹುಕಾಲದಿಂದ ಖಾಲಿಯಿದ್ದ ವೈದ್ಯಾಧಿಕಾರಿ ಹುದ್ದೆಯನ್ನು ಒಂದು ಭರಣಿ ಒಣ ನಿಂಬೆ ಸಿಪ್ಪೆಯಿಂದ ಭರ್ತಿ ಮಾಡಲಾಗಿದೆ. ನೇಮಕಾತಿ ನಿಯಮಾನುಸಾರವೇ ನಡೆದಿದೆ. ಸಿಪ್ಪೆಯವರು ಜಾತಿ ಪ್ರಮಾಣಪತ್ರವೊಂದನ್ನು ಮಾತ್ರ ಇನ್ನೂ ಸಲ್ಲಿಸಿಲ್ಲ; ಕಾಲಾವಕಾಶ ಕೊಡಲಾಗಿದೆ. ಇದನ್ನೆಲ್ಲ ಹೇಳುತ್ತಿರುವ ನಾನು ಆ ಆಸ್ಪತ್ರೆಯ ಗುಮಾಸ್ತ.

ಸಿಪ್ಪೆಗೇನೂ ಬರವಿರಲಿಲ್ಲ. ನಮ್ಮ ಹೊಸದುರ್ಗದ ಕಡೆ ಸಾಹೇಬರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ, ನಿಂಬೆಹಣ್ಣು ಕೊಟ್ಟೇ ಕೈಮುಗಿಯುತ್ತಾರೆ. ಡಾಕ್ಟರನ್ನು ಕಳಿಸಿ ಎಂದು ಕೇಳಲು ಹೋದವರೆಲ್ಲ ಮೇಲಧಿಕಾರಿ ನಿರಂಜನ್ ಸಾಹೇಬರಿಗೆ ಒಂದೊಂದು ಹಣ್ಣು ಕೊಟ್ಟರು. ರಸ ಸಾಹೇಬರ ಶರಬತ್ತಿಗೆ ಹೋಯಿತು, ಸಿಪ್ಪೆ ಕಚೇರಿಯ ತಾರಸಿ ಮೇಲೆ ಒಣಗಿತು. ಒಣಗಿದ್ದನ್ನು ಎಸೆದರೆ ಆಡಿಟ್‌ನವರು ಸುಮ್ಮನಿರುತ್ತಾರೆಯೇ? ಆದ್ದರಿಂದ ಸುತ್ತೋಲೆ ಹೊರಟಿತು: "ಒಣ ನಿಂಬೆ ಸಿಪ್ಪೆಯು ಅಜೀರ್ಣ ಕಳೆಯುತ್ತದೆ, ಕೆಮ್ಮು ಇಳಿಸುತ್ತದೆ, ಮುಖಕ್ಕೆ ಕಾಂತಿ ಕೊಡುತ್ತದೆ, ತಾಮ್ರದ ಚೊಂಬು ಬೆಳಗುತ್ತದೆ, ಇರುವೆ ಓಡಿಸುತ್ತದೆ. ಒಬ್ಬನೇ ವೈದ್ಯನಿಂದ ಇಷ್ಟು ಕೆಲಸ ಆದ ಬಗ್ಗೆ ಇಲಾಖೆಯಲ್ಲಿ ದಾಖಲೆ ಇಲ್ಲ."

ಭರಣಿಯನ್ನು ಡಾಕ್ಟರ ಕುರ್ಚಿಯಲ್ಲಿ ಕೂರಿಸಿದೆವು. ರಜೆ ಕೇಳುವುದಿಲ್ಲ, ಖಾಸಗಿ ಪ್ರಾಕ್ಟೀಸ್ ಇಲ್ಲ.

ಮೊದಲ ದಿನವೇ ಓಬಮ್ಮ ಕುಂಟುತ್ತಾ ಬಂದಳು. ಸಕ್ಕರೆ ಕಾಯಿಲೆಯಾಕೆ, ಕಾಲಿನ ಹೆಬ್ಬೆರಳು ಕಪ್ಪಿಟ್ಟಿತ್ತು.

"ಡಾಕ್ಟ್ರು ಎಲ್ಲವ್ರವ್ವ?" ಎಂದು ನರ್ಸ್ ಅನುಸೂಯಳನ್ನು ಕೇಳಿದಳು.

"ಎದುರಿಗೇ ಕುಂತವ್ರಲ್ಲಜ್ಜಿ."

"ಅದು ಭರಣಿ ಐತಲ್ಲೇ."

"ಹಂಗನ್ಬ್ಯಾಡ್ರಿ, ಆರ್ಡರ್ ಆಗೈತೆ."

"ನನ್ನ ಬೆರಳು ನೋಡಾಕೆ ಅದಕ್ಕೆ ಕಣ್ಣೆಲ್ಲೈತೆ?"

"ಹಿಂದಿನ ಡಾಕ್ಟ್ರಿಗೆ ಎರಡು ಕಣ್ಣಿದ್ವಲ್ಲ, ಒಂದಿನನಾರ ನೋಡಿದ್ರಾ?"

ಈ ಮಾತು ಓಬಮ್ಮನಿಗೆ ಸರಿಯೆನಿಸಿತು. ಸಿಪ್ಪೆಪುಡಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋದಳು.

ಮುಂದಿನ ತಿಂಗಳು ಅವಳ ಮಗ ಅವಳನ್ನು ದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದು ಆ ಬೆರಳು ತೆಗೆಸಿ ಕರೆತಂದ. ನನಗೆ ಸಂಕಟವಾಯಿತು ಅನ್ನಿ, ಆದರೆ ಮಾಸಿಕ ವರದಿಯಲ್ಲಿ ಸಂಕಟಕ್ಕೆ ಕಾಲಂ ಇಲ್ಲ. ಸಾಹೇಬರು ಹೇಳಿದಂತೆ ಬರೆದೆ: "ಸಿಪ್ಪೆ ಚಿಕಿತ್ಸೆಯ ಫಲವಾಗಿ ರೋಗಿಯ ಕಾಲಿನ ಉಳಿದ ಒಂಬತ್ತು ಬೆರಳುಗಳು ಸುಸ್ಥಿತಿಯಲ್ಲಿವೆ."

ವರದಿ ಮೇಲಿನವರ ಮನಸ್ಸಿಗೆ ಬಂತು. ಒಳ್ಳೆ ಕೆಲಸ ಮಾಡಿದವರಿಗೆ ಏನಾಗಬೇಕೋ ಅದೇ ಆಯಿತು: ಭರಣಿಗೆ ಹೊಳಲ್ಕೆರೆ ಕಡೆಗೆ ವರ್ಗಾವಣೆ ಬಂತು. ಅಲ್ಲಿ ಯಾರೋ ವಶೀಲಿ ಮಾಡಿಸಿದ್ದರಂತೆ.

ಒಯ್ಯಲು ಖುದ್ದು ಸಾಹೇಬರೇ ಜೀಪು ತಂದರು. ಊರಿಗೆ ಊರೇ ಅಡ್ಡ ನಿಂತಿತು. ಜೀಪಿನ ಮುಂದೆ ನೆಲಕ್ಕೆ ಕೂತವಳು ಓಬಮ್ಮ, ಬ್ಯಾಂಡೇಜಿನ ಕಾಲು ಚಾಚಿಕೊಂಡು.

ಸಾಹೇಬರು ಬಗ್ಗಿ, ಮೆಲ್ಲಗೆ, "ಏಳಮ್ಮ, ಯಾಕಿಷ್ಟು ಹಟ? ಅದು ಬರೀ ಸಿಪ್ಪೆ" ಎಂದರು.

"ಗೊತ್ತೈತೆ ಸ್ವಾಮಿ. ಆದ್ರೆ ಹೋದಾಗೆಲ್ಲ ಕುರ್ಚಿ ಮ್ಯಾಗೆ ಇದ್ದ ಡಾಕ್ಟ್ರು ಇದೊಂದೇಯ. ಇದನ್ನೂ ಒಯ್ದ್ರೆ ನಾವು ಯಾರಿಗೆ ತೋರಿಸ್ಕಳಾಣ?"

ಸಾರ್ವಜನಿಕ ಹಿತದೃಷ್ಟಿಯಿಂದ ವರ್ಗಾವಣೆಯನ್ನು ಅಲ್ಲೇ ರದ್ದುಪಡಿಸಲಾಯಿತು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದಾಗ ಸಾಲಿನಲ್ಲಿ ಮೊದಲು ನಿಂತಿದ್ದವಳು ಓಬಮ್ಮ. ಎರಡನೇ ಬೆರಳು ತೋರಿಸಲು ಬಂದಿದ್ದಳು.