ಮಾವನ ಮೀನುಗಳ ಕವಾಯತು

ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ದೇವರು. ಅಜ್ಜನಿಗೆ ಗಣಪತಿ, ದೊಡ್ಡಮಾವನಿಗೆ ದುರ್ಗೆ, ನನ್ನಮ್ಮನಿಗೆ ಕೃಷ್ಣ. ಆದರೆ ನನ್ನ ಚಿಕ್ಕ ಸೋದರಮಾವ ಮಾತ್ರ ಹುಟ್ಟಿನಿಂದಲೇ ಸರಳರೇಖೆಯ ಭಕ್ತರು! ತಲೆತಲಾಂತರದಿಂದ ದೇವಸ್ಥಾನದಲ್ಲಿ ಗಂಟೆ ಆಡಿಸಿಕೊಂಡು ಬಂದ ಕುಟುಂಬದಲ್ಲಿ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಪಿ.ಟಿ. ಮಾಸ್ಟ್ರಾದ ಏಕೈಕ ಪುರುಷ ಅವರು. ಅಣ್ಣ ಮಂಗಳಾರತಿ ಎತ್ತಿದರೆ ಭಕ್ತರು ಕೈ ಮುಗಿಯುತ್ತಿದ್ದರು. ತಮ್ಮ ಸೀಟಿ ಊದಿದರೆ ಎಂಟುನೂರು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು. ಹೆಚ್ಚಿನ ಭಕ್ತಿ ಎಲ್ಲಿತ್ತು ಎಂದು ಬೇರೆ ಹೇಳಬೇಕೇ?

ಮದುವೆಯ ಊಟಕ್ಕೆ ಎಲೆ ಹಾಕಿದ ಕೂಡಲೇ ಮಾವ ಪಂಕ್ತಿಯ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಸಾಲು ನೋಡುತ್ತಾರೆ. ಒಂದು ಎಲೆ ಅಂಗುಲದಷ್ಟು ಆಚೆಯಿದ್ದರೂ ಉಪ್ಪು ಬಡಿಸುವವನು ಅಲ್ಲೇ ನಿಲ್ಲಬೇಕು. ಒಮ್ಮೆ ಬಿಜೈ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸಿಗೆ ನುಗ್ಗುತ್ತಿದ್ದ ಜನರನ್ನು, "ಎತ್ತರದ ಪ್ರಕಾರ! ಗಿಡ್ಡದವರು ಮುಂದೆ!" ಎಂದು ಗದರಿಸಿ ನಿಲ್ಲಿಸಿಬಿಟ್ಟರು. ಆಶ್ಚರ್ಯವೆಂದರೆ ಜನ ನಿಂತರು! ಆರಡಿ ಎತ್ತರದ ಮಾವ ತಮ್ಮದೇ ಕಾನೂನಿನ ಪ್ರಕಾರ ಕೊನೆಯವರಾಗಿ ಹತ್ತಿ, ಸೀಟು ಸಿಗದೆ ಮೈಸೂರಿನವರೆಗೆ ನಿಂತೇ ಹೋದರು.

ಇಂಥವರು ನಿವೃತ್ತರಾದರೆ ಏನು ಗತಿ? ಬಿಜೈಯ ಫ್ಲ್ಯಾಟಿನಲ್ಲಿ ಇರುವುದು ಅತ್ತೆ ಒಬ್ಬರೇ. ಒಬ್ಬರನ್ನೇ ಸಾಲಾಗಿ ನಿಲ್ಲಿಸುವ ವಿದ್ಯೆ ಮಾವನಿಗೂ ಗೊತ್ತಿರಲಿಲ್ಲ. ಕೆಲವು ದಿನ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಸಾಸಿವೆ ಹುಡುಕಲು ಹೋಗಿ ಒಗ್ಗರಣೆಯೇ ಸೀದುಹೋದ ದಿನ ಅತ್ತೆ ಕೈಮುಗಿದು ಅವರನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು.

ಆಗಲೇ ಮಾವನ ಹಲ್ಲು ನೋಯತೊಡಗಿತು. ಫಳ್ನೀರಿನ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋದವಳು ನಾನೇ, ಆದ್ದರಿಂದ ಮುಂದಿನ ಸಕಲ ಅನಾಹುತಗಳಿಗೂ ಅತ್ತೆ ನನ್ನನ್ನೇ ಹೊಣೆ ಮಾಡುತ್ತಾರೆ. ಅಲ್ಲಿ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರೊಳಗೆ ಕಿರುಬೆರಳಿನ ಅರ್ಧದಷ್ಟಿರುವ ಇಪ್ಪತ್ತು ಮೀನುಗಳು. ಬೆನ್ನಿಗೆ ಮಿಂಚುವ ನೀಲಿ ಗೆರೆ, ಬಾಲದ ಕಡೆಗೆ ಕೆಂಪು. ನಿಯಾನ್ ಟೆಟ್ರಾ ಎಂದು ಹೆಸರಂತೆ. ಇಪ್ಪತ್ತೂ ಒಟ್ಟಿಗೆ ಈಚೆ ಬಂದವು, ಇಪ್ಪತ್ತೂ ಒಟ್ಟಿಗೆ ತಿರುಗಿದವು, ಇಪ್ಪತ್ತೂ ಒಟ್ಟಿಗೆ ಆಚೆ ಹೋದವು. ಮಾವನ ಹೆಸರನ್ನು ಮೂರು ಸಲ ಕೂಗಿದರೂ ಅವರಿಗೆ ಕೇಳಿಸಲಿಲ್ಲ.

"ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಇಂಥ ಒಂದು ಬ್ಯಾಚ್ ನನಗೆ ಸಿಗ್ಲಿಲ್ಲ ಮಾರಾಯ್ತಿ!" ಎಂದರು. ಹಲ್ಲುನೋವಿನದಲ್ಲದ ನೀರು ಕಣ್ಣಿನಲ್ಲಿತ್ತು.

ಮರುದಿನವೇ ಅತ್ತಾವರದ ಅಂಗಡಿಗೆ ಹೋಗಿ ಹದಿನಾರು ಮೀನು ಕೊಂಡರು. ಹದಿನಾರೇ ಏಕೆ? ನಾಲ್ಕು ನಾಲ್ಕರ ನಾಲ್ಕು ಸಾಲು! ಮೀನು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಅವಚಿಕೊಂಡು ಸಿಟಿ ಬಸ್ಸು ಹತ್ತಿದರೆ, ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಹೆಂಗಸು ಬಗ್ಗಿ ನೋಡಿದಳಂತೆ.

"ಇದು ಎಂತ ಮಾರಾಯ್ರೆ? ನಮ್ಮ ಸಣ್ಣ ಬೊಲೆಂಜಿರ್ ಮೀನು ಸಹ ಇದಕ್ಕಿಂತ ದೊಡ್ಡದುಂಟು. ಹದಿನಾರು ಹಾಕಿದ್ರೂ ಒಬ್ಬರ ಪುಳಿಮುಂಚಿ ಸಾರಿಗೆ ಸಾಕಾಗ್ಲಿಕ್ಕಿಲ್ಲ. ನಿಮ್ಗೆ ಯಾರೋ ಸಮಾ ಟೊಪ್ಪಿ ಹಾಕಿದ್ದಾರೆ!"

ಸುದ್ದಿ ಮಾವನಿಗಿಂತ ಮೊದಲೇ ಮನೆ ತಲುಪಿತ್ತು. ದೇವಸ್ಥಾನದಿಂದ ದೊಡ್ಡಮಾವನ ಫೋನು.

"ನೀನು ಮೀನು ಶುರು ಮಾಡಿದ್ದೀ ಅಂತ ಹೇಳಿದ್ರು. ಹೌದಾ?"

"ಹೌದು ಅಣ್ಣ."

"ಶಿವ ಶಿವಾ! ಎಷ್ಟು?"

"ಹದಿನಾರು."

"ಹದಿನಾರಾ! ಯಾವಾಗ?"

"ದಿನಾ ಬೆಳಿಗ್ಗೆ ಆರೂವರೆಗೆ ಅಂತ ಟೈಮ್ ಇಟ್ಟಿದ್ದೇನೆ. ನೀನೂ ಒಮ್ಮೆ ಬಾ ಅಣ್ಣ."

ದೊಡ್ಡಮಾವ ಅಲ್ಲೇ ಕುಸಿದು ಕೂತರಂತೆ. ಅತ್ತೆ ಫೋನು ಕಿತ್ತುಕೊಂಡು, ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ವಿವರಿಸಿದ ಮೇಲೆಯೇ ಅವರು ಮಧ್ಯಾಹ್ನದ ಪೂಜೆಗೆ ಎದ್ದದ್ದು.

ಆದರೆ ಮನೆಗೆ ಬಂದ ಮೀನುಗಳು ಮಾವನ ಮರ್ಯಾದೆ ತೆಗೆದವು. ಒಂದು ಫಿಲ್ಟರಿನ ಹಿಂದೆ ಸೇರಿತು, ಒಂದು ಕಲ್ಲಿನ ಪಕ್ಕ ಒರಗಿತು, ಎರಡು ಜಗಳ ತೆಗೆದವು. ಉಳಿದವು ಭಾನುವಾರದ ಸಂತೆಗೆ ಬಂದವರ ಹಾಗೆ ಅಲೆದಾಡಿದವು. ದಂತವೈದ್ಯರ ಮೀನುಗಳಿಗೆ ಬರುವುದು ತನ್ನ ಮೀನುಗಳಿಗೆ ಬರುವುದಿಲ್ಲವೇ? ಮಾವ ಮೀಸೆಯ ಮೇಲೆ ಕೈಯಿಟ್ಟರು. "ಮೂರು ತಿಂಗಳು. ಮೂರೇ ತಿಂಗಳಲ್ಲಿ ಇವುಗಳನ್ನು ಲೈನಿಗೆ ತಾರದಿದ್ರೆ ನಾನು ಮಾಸ್ಟ್ರೇ ಅಲ್ಲ!" ಎಂದರು. ಮಾವನ ಮಟ್ಟಿಗೆ ಇದು ಪ್ರಾಣವನ್ನೇ ಪಣಕ್ಕಿಟ್ಟ ಮಾತು.

ನಳ್ಳಿ ನೀರಿಗೆ ಹಾಕುವ ಕ್ಲೋರಿನ್ ಔಷಧಿ ಮೀನಿಗೆ ಆಗದು ಎಂದು ಅಂಗಡಿಯವರು ಹೇಳಿದ್ದರು. ಮಾವ ಕಟ್ಟಡದ ಹಿಂದಿನ ಬಾವಿಯಿಂದ ನೀರು ಸೇದಿ ಮೂರನೇ ಮಹಡಿಗೆ ಹೊತ್ತರು. "ದೇವರ ಅಭಿಷೇಕಕ್ಕೆ ನಳ್ಳಿ ನೀರು, ಮೀನಿನ ಸ್ನಾನಕ್ಕೆ ಬಾವಿ ನೀರು! ನನಗಾದ್ರೂ ಒಂದು ಬಿಂದಿಗೆ ಕೊಡಿ" ಎಂದು ಅತ್ತೆ ಗೊಣಗಿದರು. ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮಾವ ಬಿಳಿ ಬನಿಯನ್ನು, ಬಿಳಿ ಪ್ಯಾಂಟು ತೊಟ್ಟು ತೊಟ್ಟಿಯ ಎದುರು ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಒಂದು ಸೀಟಿ. "ಸಾವಧಾನ್!" ಆಮೇಲೆ ಒಂದು ಚಿಟಿಕೆ ಆಹಾರ. ಇಡೀ ಕಟ್ಟಡ ಅಲಾರಂ ಇಡುವುದನ್ನೇ ಬಿಟ್ಟಿತು.

ನಂಬುತ್ತೀರೋ ಇಲ್ಲವೋ, ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಮೀನುಗಳು ಸೇರತೊಡಗಿದವು! ಸೀಟಿ ಊದಿದರೆ ಹದಿನಾರೂ ಮೂಲೆಯಲ್ಲಿ ಒಟ್ಟಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ, ಕದಲದೆ ನಿಲ್ಲುತ್ತಿದ್ದವು. ಮಾವನಿಗೆ ಆಕಾಶ ಮೂರೇ ಗೇಣು. ಒಂದು ಭಾನುವಾರ ಸಂಜೆ ಬಂಧುಗಳನ್ನೆಲ್ಲ ಕರೆದು ಪ್ರದರ್ಶನ ಇಟ್ಟರು. ನಾನು, ನನ್ನ ಗಂಡ, ಮಗಳು ಹೋದೆವು. ದೊಡ್ಡಮಾವನೂ ಬಂದರು. "ವಿಷ್ಣುವಿನ ಮೊದಲನೇ ಅವತಾರವೇ ಮೀನು, ದೋಷ ಇಲ್ಲ" ಎಂದು ನಾಲ್ಕನೇ ಗೋಳಿಬಜೆ ಬಾಯಿಗಿಡುತ್ತಾ ತೀರ್ಪು ಕೊಟ್ಟರು. ಎದುರು ಫ್ಲ್ಯಾಟಿನ ಸಿಸ್ಟರ್ ಕೂಡ ಇದ್ದರು. ಸಿಸ್ಟರ್ ಎಂದರೆ ಕಾನ್ವೆಂಟಿನವರಲ್ಲ. ಗಲ್ಫಿನಲ್ಲಿ ಬಹಳ ವರ್ಷ ನರ್ಸಾಗಿದ್ದು ಬಂದ ಕೊಂಕಣಿ ಮನೆಯವರು, ಇಡೀ ಕಟ್ಟಡಕ್ಕೆ ಅವರು ಸಿಸ್ಟರ್.

ಮಾವ ಸೀಟಿ ಊದಿದರು. ಮೀನುಗಳು ಸೇರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಸ್ಟರ್ ಮಾತ್ರ ತಟ್ಟಲಿಲ್ಲ.

"ಮಾಸ್ಟ್ರೇ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಸ್ವಲ್ಪ ಈ ಬಾಗಿಲಿನ ಹಿಂದೆ ಬನ್ನಿ."

ಎಲ್ಲರೂ ಒಳಕೋಣೆಗೆ ಹೋಗಿ ಬಾಗಿಲ ಸಂದಿನಿಂದ ಇಣುಕಿದೆವು. ಎರಡು ನಿಮಿಷ ಕಳೆಯಿತು. ಮೀನುಗಳ ಗುಂಪು ಮೆಲ್ಲಗೆ ಸಡಿಲವಾಯಿತು. ಒಂದು ಕಲ್ಲಿನ ಕಡೆ ಹೋಯಿತು, ಇನ್ನೊಂದು ತಳದಲ್ಲಿ ಬಿದ್ದಿದ್ದ ಆಹಾರ ಹೆಕ್ಕತೊಡಗಿತು. "ಈಗ ನೀವೊಬ್ರೇ ಹೋಗಿ. ಸೀಟಿ ಬೇಡ" ಎಂದರು ಸಿಸ್ಟರ್. ಮಾವ ಹೊರಗೆ ಕಾಲಿಟ್ಟರು, ಅಷ್ಟೇ. ಹದಿನಾರೂ ಚಂಗನೆ ಮೂಲೆ ಸೇರಿಬಿಟ್ಟವು.

"ನಾವು ಮಕ್ಕಳ ವಾರ್ಡಿನಲ್ಲಿ ಇದೇ ಮೀನು ಇಟ್ಟಿದ್ದೆವು ಮಾಸ್ಟ್ರೇ. ಇವು ಹೀಗೆ ಮುದ್ದೆ ಆಗುದು ಹೆದರಿಕೆ ಆದ್ರೆ. ಆರಾಮ ಇದ್ರೆ ಒಂದೊಂದು ಒಂದೊಂದು ಕಡೆ ತಿರುಗ್ತಾ ಇರ್ತವೆ. ನೋಡಿ, ನೀವಿರುವಾಗ ತಿನ್ನುದೂ ಇಲ್ಲ. ಬಣ್ಣ ಸಹ ಬಿಟ್ಟಿದೆ."

"ಮತ್ತೆ ಆ ಹಲ್ಲಿನ ಡಾಕ್ಟ್ರ ಮೀನು?"

"ಅಲ್ಲಿ ದಿನವಿಡೀ ಮಕ್ಕಳು ಗಾಜು ಕುಟ್ತಾರೆ. ಮತ್ತೆ ಹಲ್ಲಿನ ಡಾಕ್ಟ್ರಲ್ಲಿ ಹೆದರದೆ ಕೂತದ್ದು ಯಾರುಂಟು ಹೇಳಿ!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. "ಹೆದರ್ಲಿಕ್ಕೆ ನಾನು ಎಂತ ಮಾಡಿದ್ದೇನೆ? ಒಂದು ಪೆಟ್ಟು ಕೊಟ್ಟಿದ್ದೇನಾ? ಮೂವತ್ತಾರು ವರ್ಷ ಒಂದು ಮಗುವಿಗೂ ಕೈ ಎತ್ತಲಿಲ್ಲ ನಾನು" ಎಂದರು. ಅದು ನಿಜ. ಅವರ ಕೈಯಲ್ಲಿ ಬೆತ್ತ ಕಂಡವರಿಲ್ಲ.

ಅತಿಥಿಗಳು ಹೋದ ಮೇಲೆ ಲೋಟ ತೊಳೆಯಲು ನಾನು ಉಳಿದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೀನು ನನ್ನ ಶಾಲೆಯಲ್ಲೇ ಕಲಿತದ್ದಲ್ವಾ. ನಿನಗೆ ನನ್ನ ಹೆದರಿಕೆ ಇತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಏಳನೇ ತರಗತಿಯ ಒಂದು ಬೆಳಿಗ್ಗೆ ನೆನಪಾಯಿತು. ಸ್ವಾತಂತ್ರ್ಯ ದಿನದ ಕವಾಯತಿನ ಅಭ್ಯಾಸ. ನನಗೆ ಜ್ವರ. ಮುಂದಿನ ಸಾಲಿನಲ್ಲಿ ನಿಂತಿದ್ದ ನಾನು ಮುಕ್ಕಾಲು ಗಂಟೆ ಕದಲಲಿಲ್ಲ, ಕೊನೆಗೆ ನಿಂತಲ್ಲೇ ಬಿದ್ದೆ. ಈ ಕಥೆಯನ್ನು ಮಾವ ಎಷ್ಟು ಮದುವೆಗಳಲ್ಲಿ ಹೇಳಿಲ್ಲ! "ಬಿದ್ದಳು, ಆದರೆ ಲೈನ್ ತಪ್ಪಲಿಲ್ಲ ನನ್ನ ಸೊಸೆ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ನಾನೂ ಅದನ್ನು ನನ್ನ ಶಿಸ್ತೆಂದೇ ಹೇಳಿಕೊಂಡು ತಿರುಗಿದವಳು.

"ಆ ದಿನ ಜ್ವರ ಅಂತ ನಿಮ್ಮ ಹತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು ಮಾವ" ಎಂದೆ.

ಮಾವ ತಿರುಗಿ ಹೋಗಿ ಹಾಲಿನ ದೀಪ ಆರಿಸಿ, ಮೀನುಗಳಿಗೆ ಕಾಣದ ಹಾಗೆ ಬಾಲ್ಕನಿಯಲ್ಲಿ ಕೂತರು. ನನಗೆ ಹೇಳಬಾರದಿತ್ತು ಎನ್ನಿಸಿ ಬಹಳ ಸಂಕಟವಾಯಿತು.

ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ ಎಂದುಕೊಂಡಿರಾ? ಹಾಗಾದರೆ ನಿಮಗೆ ನನ್ನ ಮಾವನ ಪರಿಚಯ ಇನ್ನೂ ಆಗಿಲ್ಲ! ಮರುದಿನ ಬೆಳಿಗ್ಗೆ ಆರೂವರೆಗೆ ಹಾಲಿನ ಆ ತುದಿಯಲ್ಲಿ, ತೊಟ್ಟಿಯಿಂದ ಎಂಟು ಟೈಲುಗಳ ದೂರದಲ್ಲಿ, ಒಂದು ಕುರ್ಚಿ ಹಾಕಿ ಕೂತರು. ಈಗ ಅವರ ಹಟ ಒಂದೇ: ತಾನು ಎದುರಿಗಿದ್ದಾಗಲೂ ಮೀನುಗಳು ಸಾಲು ತಪ್ಪಬೇಕು!

ಸಿಸ್ಟರ್ ಹೇಳಿದಂತೆ ತೊಟ್ಟಿಯ ಹಿಂದೆ ಕಪ್ಪು ಕಾಗದ ಅಂಟಿಸಿದರು, ಗಿಡ ನೆಟ್ಟರು. ರಸ್ತೆಬದಿಯ ಕಾಡುಬಾದಾಮಿ ಮರದಡಿ ಒಣಗಿದ ಎಲೆ ಹೆಕ್ಕಿ ತಂದು ನೀರಿಗೆ ಹಾಕಿದರು. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಮೀನಿಗೆ ಅದೇ ಇಷ್ಟವಂತೆ. ದಿನಕ್ಕೊಂದು ಗಂಟೆ ಮಾವ ಕೈಕಾಲು ಅಲ್ಲಾಡಿಸದೆ ಕೂರುವುದು. ಮೀನುಗಳು ಒಂದು ವಾರ ಗಾಬರಿಯಾಗದಿದ್ದರೆ ಕುರ್ಚಿ ಒಂದು ಟೈಲು ಮುಂದೆ. ಗಾಬರಿಯಾದರೆ ಒಂದು ಟೈಲು ಹಿಂದೆ. "ಮೊದ್ಲು ಮೀನು ಸಾವಧಾನ ನಿಲ್ತಿದ್ದವು, ಈಗ ಇವರು" ಎಂದರು ಅತ್ತೆ.

ನಾನು ಫಳ್ನೀರಿನ ನನ್ನ ಮನೆಯಿಂದ ಫೋನು ಮಾಡಿದರೆ ಕ್ಷೇಮಸಮಾಚಾರವೇ ಬದಲಾಗಿತ್ತು.

"ಎಷ್ಟನೇ ಟೈಲು ಮಾವ?"

"ಐದರಲ್ಲಿದ್ದೆ. ನಿನ್ನೆ ಒಂದು ಸೀನು ಬಂತು ಮಾರಾಯ್ತಿ. ಪುನಃ ಆರಕ್ಕೆ."

ನಕ್ಕೆ ನಿಜ, ಆದರೆ ಫೋನು ಇಟ್ಟ ಮೇಲೆ ಕಣ್ಣು ಮಂಜಾಯಿತು. ಅರವತ್ತರ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು, ಹದಿನಾರು ಪುಟ್ಟ ಮೀನುಗಳ ಎದುರು ದಿನಾ ಹೀಗೆ ಕೂರುವ ಮನುಷ್ಯನನ್ನು ನೋಡಿ ಎಷ್ಟು ನಗಬಹುದು ನೀವೇ ಹೇಳಿ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. "ಬಾ. ಚಪ್ಪಲಿ ಶಬ್ದ ಮಾಡ್ಬೇಡ" ಎಂದಷ್ಟೇ ಪಿಸುಗುಟ್ಟಿದರು. ಸ್ಕೂಟರ್ ಹತ್ತಿ ಓಡಿದೆ. ಅತ್ತೆ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು ಒಳಗೆ ಕರೆದರು.

ಮಾವನ ಮೊಣಕಾಲು ಗಾಜಿಗೆ ತಾಗಿತ್ತು. ಒಳಗೆ ಮೀನುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಇದ್ದವು. ಒಂದು ಬಾದಾಮಿ ಎಲೆಯ ಕೆಳಗೆ ನುಸುಳುತ್ತಿತ್ತು, ಎರಡು ಜಗಳವಾಡುತ್ತಿದ್ದವು. ಒಂದಂತೂ ಮಾವನ ಮೂಗಿನ ನೇರಕ್ಕೆ ಬಂದು, ಗಾಜಿಗೆ ಹತ್ತಿದ್ದ ಆಹಾರವನ್ನು ಕುಟುಕಿ ಕುಟುಕಿ ತಿನ್ನುತ್ತಿತ್ತು. ನೀಲಿ, ಕೆಂಪು ಎರಡೂ ಫಳಫಳ ಹೊಳೆಯುತ್ತಿದ್ದವು. ನಾನು ಮೆಲ್ಲಗೆ ನೆಲದ ಮೇಲೆ, ಅವರ ಪಕ್ಕದಲ್ಲಿ ಕೂತೆ.

"ನೋಡು, ಒಂದಾದ್ರೂ ಲೈನಿನಲ್ಲಿ ಉಂಟಾ?" ಎಂದರು ಮಾವ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೀನುಗಳು ಗಾಬರಿಯಾದಾವೆಂದು ಒರೆಸಿಕೊಳ್ಳಲೂ ಇಲ್ಲ.

 ಆಮೇಲೆ ಗಾಜಿನಿಂದ ಕಣ್ಣು ತೆಗೆಯದೆಯೇ ಕೇಳಿದರು:

"ಆ ದಿನ ಜ್ವರ ಎಷ್ಟಿತ್ತು ಮಗಾ?"

ಮೂವತ್ತು ವರ್ಷಗಳಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. "ಗೊತ್ತಿಲ್ಲ ಮಾವ. ತುಂಬ ಇತ್ತು" ಎಂದೆ. 

ಮಾವ ತೊಟ್ಟಿಯತ್ತ ನೋಡುತ್ತಲೇ, ನೀರಿನೊಳಗೆ ಕೈ ಇಳಿಸುವವರಷ್ಟು ನಿಧಾನವಾಗಿ ಕೈ ಚಾಚಿ, ನನ್ನ ಹಣೆ ಮುಟ್ಟಿ ನೋಡಿದರು.