ಬಿಳಿಚಿಕೊಂಡ ಹಲ್ಲಿ

ಬೆಳಗ್ಗೆ ಹಲ್ಲುಜ್ಜುತ್ತ ಗಾಜಿನ ಪೆಟ್ಟಿಗೆಯತ್ತ ನೋಡಿದ ಗುಮಾಸ್ತನ ಬಾಯಿಂದ ಬ್ರಷ್ ಕೆಳಗೆ ಬಿತ್ತು. ನಿನ್ನೆಯವರೆಗೂ ಕಿತ್ತಳೆ ಹಣ್ಣಿನಂತಿದ್ದ ಹಲ್ಲಿ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ಕೂತಿತ್ತು.

ಅದು ಗೋಡೆಯ ಹಲ್ಲಿಯಲ್ಲ. ಲೆಪರ್ಡ್ ಗೆಕೊ ಎಂಬ ಸಾಕುವ ಜಾತಿಯದು. ಎರಡು ದಿನ ಪ್ರವಾಸ ಹೊರಟ ಮ್ಯಾನೇಜರು, "ಹುಷಾರು ಕಣ್ರೀ, ಈ ಬಣ್ಣ ಸುಲಭಕ್ಕೆ ಸಿಗಲ್ಲ" ಎಂದು ಒಪ್ಪಿಸಿ ಹೋಗಿದ್ದರು. ಪೇಂಟ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದ ಗುಮಾಸ್ತನನ್ನು ಬಣ್ಣ ಕಲೆಸುವ ವಿಭಾಗಕ್ಕೆ ಏರಿಸುವ ಕಾಗದ ಅವರ ಸಹಿಗೆ ಕಾಯುತ್ತಿತ್ತು. ಅವರು ಸಂಜೆಗೇ ವಾಪಸು.

"ಏನ್ರೀ ತಿನ್ನಿಸಿದ್ರಿ ಅದಕ್ಕೆ?" ಎಂದಳು ಹೆಂಡತಿ.

"ಹುಳ ಕಣೇ! ಡಿಸ್ಟೆಂಪರ್ ಕುಡಿಸಿದೆ ಅಂದ್ಕೊಂಡ್ಯಾ?"

ಯಾರ ಮನೆಯಲ್ಲಿ ಲೋಟ ಬಿದ್ದರೂ ಮೊದಲು ಹಾಜರಾಗುವ ಓನರಮ್ಮ ಮೆಟ್ಟಿಲೇರಿ ಬಂದೇಬಿಟ್ಟರು. ಗಾಜಿಗೆ ಮೂಗು ಒತ್ತಿ ನೋಡಿದರು. "ಹೆದರಿಕೊಂಡಿದೆ. ನಾನು ಎದುರು ನಿಂತ್ರೆ ನಮ್ಮ ಯಜಮಾನ್ರೂ ಹಿಂಗೇ ಬಿಳಿಚಿಕೊಳ್ತಾರೆ." ಮರುಕ್ಷಣವೇ ತೀರ್ಪು ಬದಲಾಯಿತು. "ಇಲ್ಲಪ್ಪ, ಇದು ಇವತ್ತೋ ನಾಳೆಯೋ. ಅಂಥದ್ದೇ ಇನ್ನೊಂದು ತಂದಿಟ್ಬಿಡು. ಹಲ್ಲಿ ಮುಖ ಯಾರು ನೆನಪಿಟ್ಕೊಂಡಿರ್ತಾರೆ?"

ಗುಮಾಸ್ತ ರಜೆ ಹಾಕಿ, ಮುಚ್ಚಳ ತೂತು ಮಾಡಿದ ಡಬ್ಬಿಗೆ ಹಲ್ಲಿಯನ್ನು ಇಳಿಸಿ, ಕಂಪನಿಯ ಬಣ್ಣಗಳ ಮಾದರಿಯಿರುವ ಶೇಡ್ ಕಾರ್ಡನ್ನು ಜೇಬಿಗೆ ತುರುಕಿ ಸಾಕುಪ್ರಾಣಿ ಅಂಗಡಿಗೆ ಓಡಿದ. ಮಾಲೀಕ ಹೊರಗೆ ಹೋಗಿದ್ದ. ಅವನ ಮಾವ ಗಲ್ಲಾ ಮುಂದೆ ತೂಕಡಿಸುತ್ತಿದ್ದರು.

"ಕಿತ್ತಳೆ ಬಣ್ಣದ್ದು ಬೇಕಿತ್ತು."

"ಯಾವ ಕಿತ್ತಳೆ? ಮೈಯೆಲ್ಲ ಕಿತ್ತಳೆ ಇರೋದಿದೆ, ಬಾಲ ಮಾತ್ರ ಕ್ಯಾರೆಟ್ ಥರ ಇರೋದಿದೆ, ಹಳದಿಯಾಗಿದ್ದೂ ಕಿತ್ತಳೆ ಅಂತ ಮೋಸ ಮಾಡೋದೂ ಇದೆ."

ತೊಟ್ಟಿಯಲ್ಲಿ ಹನ್ನೊಂದಿದ್ದವು. ಗುಮಾಸ್ತ ಒಂದೊಂದರ ಪಕ್ಕಕ್ಕೂ ಕಾರ್ಡ್ ಹಿಡಿದ. ಹಿಡಿದ ಕೂಡಲೇ ಅವು ಜಾಗ ಬದಲಿಸಿದವು. ನೋಡಿದ್ದನ್ನೇ ಮೂರು ಸಲ ನೋಡಿದ. ಒಂದು ಕಾರ್ಡನ್ನೇ ಕಚ್ಚಿತು. ಕಣ್ಣಲ್ಲಿ ನೀರು ಬರುವ ಹೊತ್ತಿಗೆ, ಚುಕ್ಕೆ ಸಮೇತ ಮ್ಯಾನೇಜರ ಹಲ್ಲಿಯ ಅಚ್ಚಿನಲ್ಲೇ ಎರಕ ಹೊಯ್ದಂಥದೊಂದು ಸಿಕ್ಕಿತು.

ಮಾವನ ಕಣ್ಣು ಮಾತ್ರ ಡಬ್ಬಿಯ ಮೇಲಿತ್ತು. "ಅಪ್ಪಟ ಬಿಳಿ ಜಾತಿ! ಇಂಥದ್ದಕ್ಕೆ ಜನ ಪ್ರಾಣ ಬಿಡ್ತಾರೆ. ಇದು ನನಗಿರಲಿ, ಅದು ನಿಮಗೆ. ವಿಳಾಸ ಬರೆದು ಹೋಗಿ."

ಸಂಜೆ ಮ್ಯಾನೇಜರು ಬಂದು ಪೆಟ್ಟಿಗೆ ನೋಡಿ ಹಿಗ್ಗಿದರು. "ಭೇಷ್! ಮೊದಲಿಗಿಂತ ಹೊಳೀತಿದೆ. ಆ ಕಾಗದಕ್ಕೆ ನಾಳೆನೇ ಸಹಿ ಹಾಕ್ತೀನಿ."

ಗುಮಾಸ್ತ ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟ. ಅಷ್ಟರಲ್ಲಿ ಬಾಗಿಲು ದಡಬಡ ಎಂದಿತು. ಅಂಗಡಿಯ ಮಾಲೀಕ, ಕೈಯಲ್ಲಿ ಡಬ್ಬಿ.

"ಯಾರ್ರೀ ನಮ್ಮ ಮಾವಂಗೆ ಟೋಪಿ ಹಾಕಿದ್ದು? ಪೊರೆ ಬಿಡೋ ಮುಂಚೆ ಇವೆಲ್ಲ ಬೆಳ್ಳಗಾಗ್ತವೆ. ಮಧ್ಯಾಹ್ನ ಪೊರೆ ಬಿಡ್ತು, ಬಿಟ್ಟಿದ್ದನ್ನ ತಾನೇ ತಿಂದೂ ಹಾಕ್ತು! ಈಗ ನೋಡಿ, ಕಿತ್ತಳೆ! ನಿಮ್ಮದು ನೀವಿಟ್ಕೊಳ್ಳಿ, ನಮ್ಮದು ಕೊಡಿ."

ಗುಮಾಸ್ತ ಬಾಯಿ ತೆರೆಯುವ ಮೊದಲೇ, ಹಿಂದೆಯೇ ಬಂದಿದ್ದ ಓನರಮ್ಮ ಡಬ್ಬಿ ಕಿತ್ತುಕೊಂಡು, "ಜೊತೆಗಿಟ್ರೆ ತಾನೇ ವ್ಯತ್ಯಾಸ ತಿಳಿಯೋದು?" ಎನ್ನುತ್ತ ಹಲ್ಲಿಯನ್ನು ಪೆಟ್ಟಿಗೆಗೆ ಸುರಿದರು. ಎರಡೂ ಕಲ್ಲಿನ ಕೆಳಗೆ ನುಗ್ಗಿ, ಆಚೆ ಬದಿಯಿಂದ ಹೊರಬಂದವು. ಇನ್ನು ಯಾವುದು ಯಾವುದೆಂದು ಬ್ರಹ್ಮನೂ ಹೇಳುವಂತಿರಲಿಲ್ಲ.

ಮಾಲೀಕ ಎರಡನ್ನೂ ಎತ್ತಿ ಬಾಲದಡಿ ನೋಡಿದ. "ಸುಲಭ. ಒಂದು ಗಂಡು, ಒಂದು ಹೆಣ್ಣು. ನಮ್ಮ ಮಾವ ಯಾವ್ದು ಕೊಟ್ರೋ ಅವ್ರಿಗೇ ಗೊತ್ತಿಲ್ಲ. ಸಾರ್, ನಿಮ್ಮದು ಗಂಡೋ ಹೆಣ್ಣೋ?"

ಹಲ್ಲಿ ಅವರದ್ದು ಎಂದು ಗುಮಾಸ್ತ ಬೆರಳು ತೋರಿಸಿದ; ಎಲ್ಲರೂ ಮ್ಯಾನೇಜರ ಕಡೆ ತಿರುಗಿದರು. ಅವರ ಮುಖ ಬೆಳಗಿನ ಹಲ್ಲಿಯ ಬಣ್ಣಕ್ಕೆ ತಿರುಗಿತ್ತು.

"ನನ್ನದಲ್ಲ ಕಣ್ರೀ, ನನ್ನ ಹೆಂಡತೀದು. ನಾನು ಯಾವತ್ತೂ ಸರಿಯಾಗಿ ನೋಡೇ ಇಲ್ಲ. ತಪ್ಪಿ ಬೇರೇದು ತಗೊಂಡ್ಹೋದ್ರೆ ಅವಳು ನನ್ನ ಮನೆಗೆ ಸೇರಿಸಲ್ಲ. ಫೋನಲ್ಲಿ ಕೇಳಿದ್ರೆ ಅದಲುಬದಲಾದದ್ದು ತಿಳಿದುಬಿಡುತ್ತೆ. ಅವಳು ಮಗಳ ಮನೆಯಿಂದ ಬಂದು ಗುರುತು ಹಿಡಿಯೋವರೆಗೂ ಎರಡೂ ನಿಮ್ಮಲ್ಲೇ ಇರ್ಲಿ. ಆ ಸಹೀನೂ ಆಮೇಲೇ."

"ಯಾವಾಗ ಬರ್ತಾರೆ ಸಾರ್?"

"ಮೂರು ತಿಂಗಳು."

ಚಪ್ಪಲಿ ಮೆಟ್ಟುತ್ತಿದ್ದ ಮಾಲೀಕ ಹಿಂತಿರುಗಿದ. "ಮೂರು ತಿಂಗಳಾ? ಅಷ್ಟೊತ್ತಿಗೆ ಮರಿನೂ ಆಗಿರ್ತವೆ. ಅರ್ಧ ಮರಿ ನಮ್ಮವು, ನೆನಪಿರ್ಲಿ."

ಯಾವ ಅರ್ಧ ಎಂದು ಕೇಳುವ ಧೈರ್ಯ ಗುಮಾಸ್ತನಿಗೆ ಬರಲಿಲ್ಲ.